ಟ್ರೇಸ್ ಘಟನೆಗಳ ವ್ಯಾಖ್ಯೆ: ನೆಲೆ, ಪಟ್ಟಿ ಮತ್ತು ಹೆಸರು

೧. ವಿಷಯ ನಿರೂಪಣೆ

ದೊಡ್ಡ ತಂತ್ರಾಂಶವೊಂದು ಓಡುತ್ತಿರುವಾಗ ಅದರೊಳಗೆ ಏನು ನಡೆಯುತ್ತಿದೆಯೆಂಬುದು ಹೊರಗಿನವರಿಗೆ ಕಾಣುವುದಿಲ್ಲ. ಆದುದರಿಂದ ಅದನ್ನು ಬರೆಯುವವರು ಮುಖ್ಯವಾದ ಕಾರ್ಯ ನಡೆಯುವ ಒಂದೊಂದು ಸ್ಥಳದಲ್ಲಿಯೂ ಒಂದು ಗುರುತನ್ನು ನೆಟ್ಟಿರುತ್ತಾರೆ. ಆ ಗುರುತನ್ನು ಚಾಲೂ ಮಾಡಿದರೆ, ಅಲ್ಲಿ ಕಾರ್ಯ ನಡೆದಾಗಲೆಲ್ಲ ಒಂದು ದಾಖಲೆ ಬೀಳುತ್ತದೆ. ಚಾಲೂ ಮಾಡದಿದ್ದರೆ ಅದು ಇದ್ದೂ ಇಲ್ಲದಂತೆ ಇರುತ್ತದೆ. ಇದಕ್ಕೆ ಟ್ರೇಸ್ ಈವೆಂಟ್ ಎಂದು ಹೆಸರು. ಈ ಲೇಖನದಲ್ಲಿ ಇದನ್ನು ನಾವು ಟ್ರೇಸ್ ಘಟನೆ ಎಂದೂ, ಅರ್ಥ ಸ್ಪಷ್ಟವಾಗಿರುವೆಡೆಗಳಲ್ಲಿ ಬರಿದೆ ಘಟನೆ ಎಂದೂ ಕರೆಯುತ್ತೇವೆ.

ಘಟನೆಯ ದಾಖಲೆ ಬೇರೆ, ಘಟನೆಯ ವ್ಯಾಖ್ಯೆ ಬೇರೆ. ಈ ಭೇದವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿರುವ ಅಣೆಯನ್ನೂ ಅದರಿಂದ ಹೊರಡುವ ನಾಲೆಯನ್ನೂ ವಾಚಕರಲ್ಲಿ ಹಲವರು ಬಲ್ಲರು. ಆ ನಾಲೆಯ ತೂಬೊಂದರ ಬಳಿ ನೀರುಗಂಟಿಯು ಒಂದು ಪುಸ್ತಕವನ್ನಿಟ್ಟುಕೊಂಡು, ತೂಬು ತೆರೆದಾಗಲೆಲ್ಲ ದಿನ, ಹೊತ್ತು, ಎಷ್ಟು ಅಂಗುಲ ತೆರೆಯಿತು ಎಂಬ ಮೂರು ಅಂಕಣಗಳನ್ನು ತುಂಬುತ್ತಾನೆಂದು ಭಾವಿಸೋಣ. ಅವನು ತುಂಬುವ ಒಂದೊಂದು ಸಾಲೂ ದಾಖಲೆ. ಪುಟದ ನೆತ್ತಿಯಲ್ಲಿರುವ ‘ತೂಬು ತೆರೆದದ್ದು’ ಎಂಬ ಶೀರ್ಷಿಕೆ ಮತ್ತು ಮೂರು ಅಂಕಣಗಳ ಹೆಸರುಗಳು ವ್ಯಾಖ್ಯೆ. ದಾಖಲೆಗಳು ಲಕ್ಷಾಂತರವಾಗಬಹುದು, ವ್ಯಾಖ್ಯೆ ಮಾತ್ರ ಒಂದೇ.

ತೂಬು ಒಂದೇ ಇದ್ದಲ್ಲಿ ತೊಡಕಿಲ್ಲ. ತೂಬುಗಳು ಸಾವಿರವಾಗಿ, ಅಣೆಗಳು ಹಲವಾಗಿ, ಅವನ್ನು ನೋಡಿಕೊಳ್ಳುವವರು ಬೇರೆಬೇರೆಯವರಾದಾಗ ಪ್ರಶ್ನೆ ಏಳುತ್ತದೆ. ಅಂಕಣಗಳನ್ನು ಯಾರು ನಿರ್ಧರಿಸಬೇಕು? ಅವುಗಳ ಪಟ್ಟಿ ಎಲ್ಲಿರಬೇಕು: ಮೇಲಿನ ಕಚೇರಿಯ ಒಂದೇ ಪುಸ್ತಕದಲ್ಲಿಯೋ, ಆಯಾ ತೂಬಿನ ಬಳಿಯೋ? ತೂಬಿನ ಬಳಿಯೇ ಇದ್ದರೆ, ಎಲ್ಲವನ್ನೂ ಕೂಡಿಸಿ ನೋಡಬೇಕಾದವನಿಗೆ ಗತಿಯೇನು? ದೊಡ್ಡ ತಂತ್ರಾಂಶಗಳಲ್ಲಿ ಟ್ರೇಸ್ ಘಟನೆಗಳ ವ್ಯಾಖ್ಯೆಯನ್ನು ಕುರಿತ ಚರ್ಚೆಯೆಲ್ಲ ಈ ಪ್ರಶ್ನೆಗಳ ಸುತ್ತಲೇ ನಡೆದಿದೆ. ಈ ಬರೆಹದಲ್ಲಿ ನಾವು ಅದನ್ನು ಮೊದಲು ನಮ್ಮ ನಾಡಿನದೇ ಆದ ಒಂದು ಕೆಲಸದೊಡನೆ ಹೋಲಿಸಿ, ಅನಂತರ ಎರಡು ತಂತ್ರಾಂಶಗಳಲ್ಲಿ ಪರೀಕ್ಷಿಸುತ್ತೇವೆ.

೨. ಶಾಸನ ಸಂಪುಟಗಳ ನಿದರ್ಶನ

ನಾಡಿನ ತುಂಬ ಹರಡಿಕೊಂಡಿರುವ ದಾಖಲೆಗಳನ್ನು ಒಂದು ಕ್ರಮಕ್ಕೆ ತರುವ ಪ್ರಯತ್ನ ನಮ್ಮಲ್ಲಿ ಹೊಸತಲ್ಲ. ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹೊರತಂದರು. ಸಾವಿರಾರು ಶಾಸನಗಳನ್ನು ಅರಸುಮನೆತನಗಳ ಮೇರೆಗೆ ಇಡಬಹುದಾಗಿತ್ತು, ಕಾಲಾನುಕ್ರಮದಲ್ಲಿಯೂ ಇಡಬಹುದಾಗಿತ್ತು. ರೈಸ್ ಅವರು ಆರಿಸಿಕೊಂಡುದು ತಾಲ್ಲೂಕುವಾರು ಕ್ರಮವನ್ನು. ತಾಲ್ಲೂಕಿನ ಹೆಸರಿಗೆ ಒಂದು ಸಂಕ್ಷೇಪ, ಅದರ ಮುಂದೆ ಆ ತಾಲ್ಲೂಕಿನೊಳಗಿನ ಕ್ರಮಸಂಖ್ಯೆ. ಇವೆರಡು ಸೇರಿ ಶಾಸನದ ಗುರುತು. ಶ್ರೀರಂಗಪಟ್ಟಣದ ಶಾಸನಗಳು ೧೮೯೪ರ ಮೂರನೆಯ ಸಂಪುಟದಲ್ಲಿಯೂ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದವು ೧೮೯೮ರ ನಾಲ್ಕನೆಯ ಸಂಪುಟದಲ್ಲಿಯೂ ಸೇರಿವೆ.

ಈ ಏರ್ಪಾಡಿನ ಗುಣ ಸ್ಪಷ್ಟವಾದುದು. ಕಲ್ಲು ಇರುವ ಊರೇ ಅದರ ವಿಳಾಸ. ಹೋಗಿ ಓದಿ ಪರೀಕ್ಷಿಸಬೇಕೆನ್ನುವವನಿಗೆ ದಾರಿ ತಪ್ಪುವುದಿಲ್ಲ. ನಾಗಮಂಗಲದಲ್ಲಿ ಹೊಸದೊಂದು ಶಾಸನ ದೊರೆತರೆ ಕೃಷ್ಣರಾಜಪೇಟೆಯ ಸಂಖ್ಯೆಗಳನ್ನು ಕದಲಿಸಬೇಕಾದುದಿಲ್ಲ.

ಇದರ ದೋಷ ಕಾಲಾಂತರದಲ್ಲಿ ತೋರಿತು. ಕಲ್ಲು ಕದಲದಿದ್ದರೂ ತಾಲ್ಲೂಕಿನ ಗಡಿ ಕದಲಿತು. ರೈಸ್ ಅವರ ಕಾಲದಲ್ಲಿ ಈ ಪ್ರದೇಶವೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ೧೯೩೯ರಲ್ಲಿ ಮಂಡ್ಯ ಜಿಲ್ಲೆ ಬೇರೆಯಾಯಿತು. ಹಿಂದೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರವು ಪ್ರತ್ಯೇಕ ತಾಲ್ಲೂಕಾಗಿ, ಮೇಲುಕೋಟೆ ಅದಕ್ಕೆ ಸೇರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಈ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸತೊಡಗಿದಾಗ, ಕೃಷ್ಣರಾಜಪೇಟೆ, ಪಾಂಡವಪುರ ಮತ್ತು ಶ್ರೀರಂಗಪಟ್ಟಣಗಳ ಶಾಸನಗಳು ೧೯೭೭ರ ಆರನೆಯ ಸಂಪುಟದಲ್ಲಿ ಒಂದೆಡೆ ಬಂದವು. ರೈಸ್ ಅವರಲ್ಲಿ ಶ್ರೀರಂಗಪಟ್ಟಣದ ಸಂಖ್ಯೆ ಹೊತ್ತಿದ್ದ ಮೇಲುಕೋಟೆಯ ಶಾಸನ ಇಲ್ಲಿ ‘ಪಾಂಪು’ ಎಂಬ ಸಂಕ್ಷೇಪದ ಕೆಳಗೆ ಬೇರೆ ಸಂಖ್ಯೆಯನ್ನು ಪಡೆಯಿತು. ಅಷ್ಟರೊಳಗೆ ಎಷ್ಟೋ ಪ್ರಬಂಧಗಳು ಹಳೆಯ ಸಂಖ್ಯೆಯನ್ನೇ ಉಲ್ಲೇಖಿಸಿ ಮುಗಿಸಿದ್ದುವು. ಸಂಪಾದಕರು ಹಳೆಯ ಸಂಪುಟದಲ್ಲಿದ್ದ ಶಾಸನಗಳಿಗೆ ಅಲ್ಲಿನ ಗುರುತನ್ನೂ ಕಾಣಿಸಿದುದರಿಂದ ಸಂಬಂಧ ಕಡಿದುಹೋಗಲಿಲ್ಲ.

ಇದರಿಂದ ನಮಗೆ ಮೂರು ಪರಿಕಲ್ಪನೆಗಳು ದೊರೆಯುತ್ತವೆ: ದಾಖಲೆ ಇರುವ ನೆಲೆ, ಎಲ್ಲರೂ ನೋಡುವ ಪಟ್ಟಿ, ಉಲ್ಲೇಖಿಸಲು ಬಳಸುವ ಹೆಸರು. ಈ ಮೂರನ್ನೂ ಒಂದೇ ಎಂದು ಎಣಿಸಿದಾಗ ತೊಡಕು ಹುಟ್ಟುತ್ತದೆ, ಬೇರ್ಪಡಿಸಿದರೆ ಬಗೆಹರಿಯುತ್ತದೆ. ತಂತ್ರಾಂಶದ ವಿಷಯದಲ್ಲಿಯೂ ಇದು ಹೀಗೆಯೇ ಎಂಬುದನ್ನು ಮುಂದೆ ತೋರಿಸುತ್ತೇವೆ.

೩. ಒಂದೇ ಪಟ್ಟಿಯ ಪದ್ಧತಿ

ದೊಡ್ಡ ತಂತ್ರಾಂಶದ ಮೂಲ ಬರೆಹವು ಸಾವಿರಾರು ಕಡತಗಳಲ್ಲಿ ಹಂಚಿಹೋಗಿರುತ್ತದೆ. ಕಡತಗಳು ಡೈರೆಕ್ಟರಿಗಳಲ್ಲಿಯೂ, ಆ ಡೈರೆಕ್ಟರಿಗಳು ಇನ್ನೂ ದೊಡ್ಡ ಡೈರೆಕ್ಟರಿಗಳಲ್ಲಿಯೂ ಅಡಕವಾಗಿ, ಒಟ್ಟು ಏರ್ಪಾಡು ಬೇರು ಮೇಲಾದ ಮರದಂತೆ ತೋರುತ್ತದೆ. ಇದನ್ನೇ ಆಕರವೃಕ್ಷ ಎನ್ನಬಹುದು. ಒಂದೊಂದು ಕೊಂಬೆಗೂ ಅದನ್ನು ನೋಡಿಕೊಳ್ಳುವ ಜನ ಬೇರೆ.

ನಮ್ಮ ಮೊದಲ ಉದಾಹರಣೆ ಕ್ಯೂಎಮು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸಿ ನಡೆಸುವ ಈ ತಂತ್ರಾಂಶವನ್ನು ಫ್ಯಾಬ್ರಿಸ್ ಬೆಲ್ಲಾರ್ಡ್ ಅವರು ೨೦೦೩ರಲ್ಲಿ ಆರಂಭಿಸಿದರು. ಇದರಲ್ಲಿ ಟ್ರೇಸ್ ಘಟನೆಯ ವ್ಯಾಖ್ಯೆ ಒಂದೇ ಸಾಲಿನದು: ಮೊದಲು ಘಟನೆಯ ಹೆಸರು, ಅನಂತರ ಆವರಣದಲ್ಲಿ ಅದರ ಅಂಕಣಗಳು ಮತ್ತು ಅವುಗಳ ಜಾತಿ, ಕೊನೆಗೆ ಮನುಷ್ಯರು ಓದುವಂತೆ ಅದನ್ನು ಅಚ್ಚುಮಾಡುವ ವಾಕ್ಯದ ಮಾದರಿ. ಟ್ರೇಸ್‌ಟೂಲ್ ಎಂಬ ಉಪಕರಣವು ಈ ಸಾಲನ್ನು ಓದಿ, ದಾಖಲೆ ಬರೆಯುವುದಕ್ಕೆ ಬೇಕಾದ ಪ್ರೋಗ್ರಾಂ ಭಾಗವನ್ನು ತಾನೇ ತಯಾರಿಸುತ್ತದೆ. ದಾಖಲೆ ಪರದೆಯ ಮೇಲೆ ಬೀಳಬೇಕೋ, ಕಡತಕ್ಕೆ ಹೋಗಬೇಕೋ, ಬೇರೊಂದು ಪರಿವೀಕ್ಷಣ ಸಾಧನಕ್ಕೆ ತಲುಪಬೇಕೋ ಎಂಬುದನ್ನು ತಂತ್ರಾಂಶವನ್ನು ಕಟ್ಟುವಾಗ ಆರಿಸಿಕೊಳ್ಳಬಹುದು. ವ್ಯಾಖ್ಯೆ ಮಾತ್ರ ಬದಲಾಗಬೇಕಾಗಿಲ್ಲ.

ಮೊದಲಲ್ಲಿ ಈ ಸಾಲುಗಳೆಲ್ಲವೂ ವೃಕ್ಷದ ಬುಡದಲ್ಲಿದ್ದ ಟ್ರೇಸ್-ಈವೆಂಟ್ಸ್ ಎಂಬ ಒಂದೇ ಕಡತದಲ್ಲಿದ್ದುವು. ಘಟನೆಗಳು ಕೆಲವೇ ಆಗಿದ್ದಾಗ ಇದಕ್ಕಿಂತ ಸುಲಭವಾದ ಪದ್ಧತಿಯಿಲ್ಲ. ಏನೇನು ಘಟನೆಗಳಿವೆಯೆಂದು ತಿಳಿಯಲು ಒಂದು ಕಡತವನ್ನು ತೆರೆದರೆ ಸಾಕು. ಒಂದೇ ಹೆಸರು ಎರಡು ಸಲ ಬಂದಿದ್ದರೆ ಕಣ್ಣಿಗೆ ಬೀಳುತ್ತದೆ. ಆದರೆ ತಂತ್ರಾಂಶ ಬೆಳೆದಂತೆ ಮೂರು ತೊಡಕುಗಳು ತಲೆದೋರಿದುವು.

ಒಂದನೆಯದು, ಜನರ ತೊಡಕು. ಜಾಲದ ಭಾಗವನ್ನು ಬರೆಯುವವನೂ ಡಿಸ್ಕಿನ ಭಾಗವನ್ನು ಬರೆಯುವವನೂ ಬೇರೆಬೇರೆ ಕೆಲಸ ಮಾಡುತ್ತಿದ್ದರೂ, ಇಬ್ಬರೂ ತಿದ್ದಬೇಕಾದುದು ಒಂದೇ ಕಡತವನ್ನು. ಇಬ್ಬರ ತಿದ್ದುಪಡಿಗಳೂ ಏಕಕಾಲದಲ್ಲಿ ಬಂದರೆ ಅವು ಒಂದಕ್ಕೊಂದು ತಾಗಿ, ಮೂರನೆಯವನೊಬ್ಬ ಕುಳಿತು ಬಿಡಿಸಬೇಕಾಗುತ್ತದೆ.

ಎರಡನೆಯದು, ಹೊಣೆಯ ತೊಡಕು. ಎಲ್ಲರಿಗೂ ಸೇರಿದ ಕಡತ ಯಾರಿಗೂ ಸೇರದಂತಾಗುತ್ತದೆ. ಒಂದು ಭಾಗವನ್ನು ಅಳಿಸಿಹಾಕಿದಾಗ ಅದಕ್ಕೆ ಸಂಬಂಧಿಸಿದ ಘಟನೆಯ ಸಾಲು ದೂರದ ಪಟ್ಟಿಯಲ್ಲಿ ಹಾಗೆಯೇ ಉಳಿದುಬಿಡುವ ಸಂಭವವುಂಟು.

ಮೂರನೆಯದು, ಯಂತ್ರದ ತೊಡಕು. ಒಂದೇ ಪಟ್ಟಿಯಿಂದ ತಯಾರಾದ ಒಂದೇ ಶಿರೋಕಡತವನ್ನು ವೃಕ್ಷದ ಎಲ್ಲ ಭಾಗಗಳೂ ಸೇರಿಸಿಕೊಳ್ಳುತ್ತಿದ್ದುವು. ಪಟ್ಟಿಯ ಒಂದು ಸಾಲನ್ನು ತಿದ್ದಿದರೂ ಶಿರೋಕಡತ ಬದಲಾಗಿ, ಅದನ್ನು ಆಶ್ರಯಿಸಿದ ಕಡತಗಳೆಲ್ಲ ಮತ್ತೆ ಕಂಪೈಲ್ ಆಗಬೇಕಾಗುತ್ತಿತ್ತು. ಒಂದು ತೂಬಿನ ಪುಸ್ತಕದಲ್ಲಿ ಅಂಕಣವೊಂದನ್ನು ಸೇರಿಸಿದ್ದಕ್ಕೆ ಇಡೀ ನಾಲೆಯ ಪುಸ್ತಕಗಳನ್ನು ಹೊಸದಾಗಿ ಅಚ್ಚುಹಾಕಿಸಿದಂತಾಯಿತು.

೪. ಹಂಚಿದ ವ್ಯಾಖ್ಯೆ, ಕೂಡಿಸಿದ ಪಟ್ಟಿ

೨೦೧೬ರಲ್ಲಿ ಈ ಕಡತವನ್ನು ಒಡೆಯಲಾಯಿತು. ಅಂದಿನಿಂದ ಒಂದೊಂದು ಡೈರೆಕ್ಟರಿಯೂ ತನ್ನ ಘಟನೆಗಳಿಗೆ ತನ್ನದೇ ಆದ ಟ್ರೇಸ್-ಈವೆಂಟ್ಸ್ ಕಡತವನ್ನು ಇಟ್ಟುಕೊಳ್ಳಬಹುದಾಗಿದೆ. ಮುಂದೆ ಒಂದೊಂದು ಡೈರೆಕ್ಟರಿಗೂ ಪ್ರತ್ಯೇಕವಾದ ಶಿರೋಕಡತ ತಯಾರಾಗುವಂತೆಯೂ ಏರ್ಪಾಡಾಯಿತು. ಜಾಲದ ಭಾಗದಲ್ಲಿ ಸಾಲೊಂದನ್ನು ಸೇರಿಸಿದರೆ ಈಗ ಡಿಸ್ಕಿನ ಭಾಗಕ್ಕೆ ಅದರ ಸೋಂಕಿಲ್ಲ.

ಇಲ್ಲಿ ಗಮನಿಸಬೇಕಾದುದು, ವ್ಯಾಖ್ಯೆಗಳನ್ನು ಹಂಚಿದರೂ ಪಟ್ಟಿಯನ್ನು ಕೈಬಿಡಲಿಲ್ಲವೆಂಬುದು. ತಂತ್ರಾಂಶವನ್ನು ಕಟ್ಟುವಾಗ, ಹಂಚಿಹೋಗಿರುವ ಕಡತಗಳನ್ನೆಲ್ಲ ಯಂತ್ರವೇ ಕೂಡಿಸಿ, ಟ್ರೇಸ್-ಈವೆಂಟ್ಸ್-ಆಲ್ ಎಂಬ ಒಂದು ಸಮಗ್ರ ಕಡತವನ್ನು ಮಾಡುತ್ತದೆ; ತಂತ್ರಾಂಶದೊಡನೆ ಅದೂ ಬಳಕೆದಾರನ ಯಂತ್ರವನ್ನು ಸೇರುತ್ತದೆ. ಬರೆಯುವವನಿಗೆ ಹಂಚಿದ ಕಡತಗಳು, ಓದುವವನಿಗೆ ಒಂದೇ ಪಟ್ಟಿ. ಮೊದಲಿನ ಪದ್ಧತಿಯಲ್ಲಿ ಒಂದೇ ಕಡತವು ಈ ಎರಡು ಕೆಲಸಗಳನ್ನೂ ಮಾಡಬೇಕಾಗಿದ್ದುದರಿಂದಲೇ ಎಡವಿತು. ಕೈಯಿಂದ ಬರೆದ ಪಟ್ಟಿ ಹಳತಾಗುತ್ತದೆ. ಮೂಲದಿಂದಲೇ ಪ್ರತಿಸಲವೂ ಹುಟ್ಟುವ ಪಟ್ಟಿ ಮೂಲಕ್ಕೆ ಎಂದೂ ವಿರುದ್ಧವಾಗಲಾರದು.

ಹಂಚುವಿಕೆಗೂ ನಿಯಮಗಳು ಬೇಕು. ಕ್ಯೂಎಮು ತನ್ನ ಕೈಪಿಡಿಯಲ್ಲಿ ಕೊಟ್ಟಿರುವ ಕೆಲವನ್ನು ಇಲ್ಲಿ ವಿವರಿಸುತ್ತೇವೆ.

ವ್ಯಾಖ್ಯೆಯುಳ್ಳ ಡೈರೆಕ್ಟರಿಗಳ ಹೆಸರೆಲ್ಲವೂ ವೃಕ್ಷದ ಮೇಲ್ಮಟ್ಟದ ನಿರ್ಮಾಣ ಕಡತದಲ್ಲಿ ಇರತಕ್ಕದ್ದು. ಅಲ್ಲಿ ಹೆಸರಿಲ್ಲದ ಡೈರೆಕ್ಟರಿಯ ವ್ಯಾಖ್ಯೆಗಳನ್ನು ಉಪಕರಣವು ಓದುವುದಿಲ್ಲ. ಹೀಗೆ ಬುಡದಲ್ಲಿ ಉಳಿಯುವುದು ಘಟನೆಗಳ ಪಟ್ಟಿಯಲ್ಲ, ಡೈರೆಕ್ಟರಿಗಳ ಪಟ್ಟಿ. ಇದು ಚಿಕ್ಕದು, ಅಪರೂಪವಾಗಿ ಬದಲಾಗತಕ್ಕದ್ದು. ರೈಸ್ ಅವರ ಸಂಪುಟದ ಮೊದಲಲ್ಲಿ ತಾಲ್ಲೂಕುಗಳ ಹೆಸರಿದ್ದು, ಶಾಸನಗಳ ವಿವರ ಆಯಾ ತಾಲ್ಲೂಕಿನ ಭಾಗದಲ್ಲಿರುವಂತೆಯೇ ಇದು.

ಒಂದು ಡೈರೆಕ್ಟರಿಯ ಪ್ರೋಗ್ರಾಂ ಇನ್ನೊಂದು ಡೈರೆಕ್ಟರಿಯ ಘಟನೆಯನ್ನು ಎರವಲು ತರಬಾರದೆಂಬುದು ಇನ್ನೊಂದು ನಿಯಮ. ಹಾಗೆ ಮಾಡಲು ಸಾಧ್ಯವುಂಟು. ಆದರೆ ಮಾಡಿದಲ್ಲಿ ಹಂಚುವಿಕೆಯ ಪ್ರಯೋಜನ ನಷ್ಟವಾಗುತ್ತದೆ. ನಿಜವಾಗಿಯೂ ಹಲವು ಭಾಗಗಳಿಗೆ ಸಾಮಾನ್ಯವಾದ ಘಟನೆಗಳಿಗೆ ಮಾತ್ರ ಬುಡದ ಡೈರೆಕ್ಟರಿಯ ಕಡತದಲ್ಲಿ ಸ್ಥಳವುಂಟು. ಆ ಸಾಮಾನ್ಯ ಕಡತದಿಂದ ಹುಟ್ಟುವ ಶಿರೋಕಡತಕ್ಕೆ, ಸ್ಥಳೀಯ ಶಿರೋಕಡತದೊಡನೆ ಗೊಂದಲವಾಗದಿರಲೆಂದು ಬೇರೆ ಹೆಸರನ್ನಿಟ್ಟಿದ್ದಾರೆ.

ಘಟನೆಗೆ ಅದು ನಡೆಯುವ ಫಂಕ್ಷನ್ನಿನ ಹೆಸರನ್ನೇ ಇಡಬೇಕೆಂದೂ, ಒಂದೇ ಫಂಕ್ಷನ್ನಿನಲ್ಲಿ ಎರಡು ಘಟನೆಗಳಿದ್ದರೆ ಹೆಸರಿನ ಕೊನೆಗೆ ಭೇದಸೂಚಕವಾದ ಪದವೊಂದನ್ನು ಸೇರಿಸಬೇಕೆಂದೂ ಮತ್ತೊಂದು ಸೂಚನೆಯಿದೆ. ವ್ಯಾಖ್ಯೆಗಳು ಹಂಚಿದ್ದರೂ ಹೆಸರುಗಳು ಇಡೀ ವೃಕ್ಷಕ್ಕೆ ಅನನ್ಯವಾಗಿರಬೇಕು. ಬಳಕೆದಾರನು ಘಟನೆಗಳನ್ನು ಚಾಲೂ ಮಾಡುವುದು ಹೆಸರಿನಿಂದಲೇ. ಹೆಸರಿನ ಮೊದಲ ಭಾಗವನ್ನು ಕೊಟ್ಟು, ಉಳಿದುದು ಏನಾದರೂ ಆಗಿರಲಿ ಎಂದು ಸೂಚಿಸಿದರೆ ಆ ಗುಂಪಿನ ಘಟನೆಗಳೆಲ್ಲ ಏಳುತ್ತವೆ. ಆದುದರಿಂದ ಹೆಸರಿನ ಮೊದಲ ಪದವು ಬರೆಯುವವನಿಗಿಂತ ಓದುವವನಿಗೆ ಹೆಚ್ಚು ಪ್ರಯೋಜನಕಾರಿ.

೫. ಲಿನಕ್ಸಿನ ಎರಡು ದಾರಿಗಳು

ಎರಡನೆಯ ಉದಾಹರಣೆ ಲಿನಕ್ಸ್ ಕರ್ನೆಲ್. ಇದರಲ್ಲಿ ಸಾವಿರಕ್ಕೂ ಮಿಕ್ಕಿದ ಟ್ರೇಸ್ ಘಟನೆಗಳಿವೆ. ೨೦೦೯ರಲ್ಲಿ ಸ್ಟೀವನ್ ರಾಸ್ಟೆಡ್ ಅವರು ಟ್ರೇಸ್-ಈವೆಂಟ್ ಎಂಬ ಮ್ಯಾಕ್ರೋ ರೂಪದ ವ್ಯಾಖ್ಯೆಯನ್ನು ಬಳಕೆಗೆ ತಂದರು. ಇದರಲ್ಲಿ ಘಟನೆಯ ಹೆಸರಿನ ಜೊತೆಗೆ, ಅದು ಸ್ವೀಕರಿಸುವ ವಿಷಯಗಳು, ದಾಖಲೆಯ ಅಂಕಣಗಳು, ಅಂಕಣಗಳನ್ನು ತುಂಬುವ ರೀತಿ, ಓದುವಂತೆ ಅಚ್ಚುಮಾಡುವ ಮಾದರಿ ಇವೆಲ್ಲ ಒಂದೇ ಕಡೆ ಬರುತ್ತವೆ.

ಇಲ್ಲಿ ಬೇರೆ ಉಪಕರಣದ ನೆರವಿಲ್ಲದೆ, ಸಿ ಭಾಷೆಯ ಪೂರ್ವಸಂಸ್ಕಾರಕವೇ ಕೆಲಸವನ್ನೆಲ್ಲ ಮಾಡುತ್ತದೆ. ಒಂದೇ ಶಿರೋಕಡತವನ್ನು ಅದು ಮತ್ತೆ ಮತ್ತೆ ಓದುತ್ತದೆ. ಒಂದೊಂದು ಸಲ ಓದುವಾಗಲೂ ಮ್ಯಾಕ್ರೋವಿಗೆ ಬೇರೆ ಬೇರೆ ಅರ್ಥವನ್ನು ಕೊಡಲಾಗಿರುತ್ತದೆ. ಒಂದು ಸಲ ಅದರಿಂದ ದಾಖಲೆಯ ಆಕಾರ ಹುಟ್ಟುತ್ತದೆ, ಇನ್ನೊಂದು ಸಲ ದಾಖಲೆಯನ್ನು ತುಂಬುವ ಫಂಕ್ಷನ್, ಮತ್ತೊಂದು ಸಲ ಅಚ್ಚುಮಾಡುವ ಫಂಕ್ಷನ್. ಒಮ್ಮೆ ಬರೆದುದು ಹಲವು ರೂಪದಲ್ಲಿ ಫಲಿಸುವುದರಿಂದ ಆ ರೂಪಗಳು ಒಂದಕ್ಕೊಂದು ವಿರೋಧವಾಗುವ ಭಯವಿಲ್ಲ. ಚಾಲೂ ಇಲ್ಲದ ಘಟನೆಯ ಸ್ಥಳದಲ್ಲಿ, ಅನುಕೂಲವಿರುವ ಯಂತ್ರಗಳಲ್ಲಿ, ಏನನ್ನೂ ಮಾಡದ ಒಂದು ಆದೇಶ ಮಾತ್ರ ಉಳಿಯುತ್ತದೆ. ಆದುದರಿಂದ ಘಟನೆಗಳನ್ನು ನೆಡಲು ಬರೆಯುವವರು ಹಿಂಜರಿಯಬೇಕಾಗಿಲ್ಲ.

ವ್ಯಾಖ್ಯೆಗಳನ್ನು ಇಡುವ ಸ್ಥಳದ ವಿಷಯದಲ್ಲಿ ಲಿನಕ್ಸ್ ಎರಡು ದಾರಿಗಳನ್ನು ಒಪ್ಪಿಕೊಂಡಿದೆ. ಇನ್‌ಕ್ಲೂಡ್ ಡೈರೆಕ್ಟರಿಯ ಒಳಗೆ ಟ್ರೇಸ್/ಈವೆಂಟ್ಸ್ ಎಂಬ ಸಾಮಾನ್ಯ ಸ್ಥಳವೊಂದಿದೆ. ಅಲ್ಲಿ ವಿಷಯಕ್ಕೊಂದರಂತೆ ಶಿರೋಕಡತಗಳಿವೆ. ಅದಿಲ್ಲದಿದ್ದರೆ, ಒಂದು ಭಾಗವು ತನ್ನ ಡೈರೆಕ್ಟರಿಯಲ್ಲಿಯೇ ವ್ಯಾಖ್ಯೆಗಳನ್ನಿಟ್ಟುಕೊಂಡು, ಅವು ಇರುವ ಹಾದಿಯನ್ನು ಶಿರೋಕಡತದಲ್ಲಿ ಸೂಚಿಸಬಹುದು. ಕಡತವ್ಯವಸ್ಥೆಗಳಲ್ಲಿ ಎರಡಕ್ಕೂ ನಿದರ್ಶನಗಳುಂಟು: ಎಕ್ಸ್ಟ್೪ ತನ್ನ ವ್ಯಾಖ್ಯೆಗಳನ್ನು ಸಾಮಾನ್ಯ ಸ್ಥಳದಲ್ಲಿಟ್ಟಿದೆ, ಎಕ್ಸ್‌ಎಫ್‌ಎಸ್ ತನ್ನ ಮನೆಯಲ್ಲಿಯೇ ಇಟ್ಟುಕೊಂಡಿದೆ. ಓದುವವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕರ್ನೆಲ್ ಓಡುತ್ತಿರುವಾಗ ಎರಡರ ಘಟನೆಗಳೂ ಟ್ರೇಸಿಂಗ್ ಡೈರೆಕ್ಟರಿಯ ಈವೆಂಟ್ಸ್ ಎಂಬ ಒಂದೇ ಮರದಲ್ಲಿ, ತಮ್ಮ ತಮ್ಮ ಗುಂಪಿನ ಹೆಸರಿನ ಕೆಳಗೆ ತೋರುತ್ತವೆ. ಆ ಗುಂಪಿನ ಹೆಸರನ್ನು ವ್ಯಾಖ್ಯೆಯೇ ಹೇಳುತ್ತದೆ. ಕಡತ ಇರುವ ಸ್ಥಳದಿಂದ ಅದು ಹುಟ್ಟಿದುದಲ್ಲ.

ಈ ಕೊನೆಯ ಅಂಶದ ಬೆಲೆ ಒಂದು ಸಂದರ್ಭದಲ್ಲಿ ವ್ಯಕ್ತವಾಯಿತು. ಕೆಲಸಗಳಿಗೆ ಸರದಿ ಹಂಚುವ ಷೆಡ್ಯೂಲರ್ ಭಾಗದ ಮುಖ್ಯ ಕಡತವನ್ನು, ೨೦೧೨ರಲ್ಲಿ ಹೊರಬಂದ ೩.೩ನೆಯ ಆವೃತ್ತಿಯಲ್ಲಿ, ಕರ್ನೆಲ್ ಡೈರೆಕ್ಟರಿಯಿಂದ ಅದರ ಒಳಗಿನ ಹೊಸ ಡೈರೆಕ್ಟರಿಯೊಂದಕ್ಕೆ ಬೇರೆ ಹೆಸರಿನಲ್ಲಿ ಸಾಗಿಸಲಾಯಿತು. ಆದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಸರದಿ ಬದಲಾದುದನ್ನು ತಿಳಿಸುವ ಷೆಡ್-ಸ್ವಿಚ್ ಎಂಬ ಘಟನೆಯ ಹೆಸರಾಗಲಿ, ಅದರ ಗುಂಪಿನ ಹೆಸರಾಗಲಿ ಬದಲಾಗಲಿಲ್ಲ. ಹೆಸರು ವಿಷಯವನ್ನು ಹೇಳುತ್ತಿತ್ತೇ ಹೊರತು ವಿಳಾಸವನ್ನಲ್ಲ. ಹೆಸರಿನಲ್ಲಿಯೇ ತಾಲ್ಲೂಕನ್ನು ಹೊತ್ತ ಶಾಸನಗಳಿಗೆ ಒದಗಿದ ಗತಿ ಈ ಘಟನೆಗೆ ಒದಗಲಿಲ್ಲ.

೬. ಹೆಸರೂ ಅಂಕಣವೂ ಕೊಟ್ಟ ಮಾತು

ವ್ಯಾಖ್ಯೆಯು ಬರೆದವನ ಸ್ವಂತ ಟಿಪ್ಪಣಿಯೆಂದು ಮೊದಲಲ್ಲಿ ತೋರಬಹುದು. ಒಮ್ಮೆ ಹೊರಗಿನವರು ಅದನ್ನು ಆಶ್ರಯಿಸಿದರೆ ಅದು ಕೊಟ್ಟ ಮಾತಾಗಿ ಪರಿಣಮಿಸುತ್ತದೆ. ಇದಕ್ಕೆ ೨೦೧೧ರಲ್ಲಿ ನಡೆದ ಒಂದು ಸಂಗತಿ ಸಾಕ್ಷಿ. ಲಿನಕ್ಸಿನ ಎಲ್ಲ ಟ್ರೇಸ್ ದಾಖಲೆಗಳ ಮೊದಲಲ್ಲಿಯೂ ಕೆಲವು ಸಾಮಾನ್ಯ ಅಂಕಣಗಳಿದ್ದುವು. ಅವುಗಳಲ್ಲಿ ಒಂದು, ಹಳೆಯ ದೊಡ್ಡ ಬೀಗದ ಸ್ಥಿತಿಯನ್ನು ಹೇಳುವಂಥದು. ಆ ಬೀಗವನ್ನೇ ಕರ್ನೆಲ್ಲಿನಿಂದ ತೆಗೆದುಹಾಕಿದ ಮೇಲೆ ಅಂಕಣ ನಿರರ್ಥಕವಾಯಿತೆಂದು ಅದನ್ನೂ ತೆಗೆದರು. ಕೂಡಲೆ ಪವರ್‌ಟಾಪ್ ಎಂಬ, ಕಂಪ್ಯೂಟರು ವ್ಯಯಮಾಡುವ ವಿದ್ಯುತ್ತನ್ನು ವಿಶ್ಲೇಷಿಸುವ ಸಾಧನವು ಕೆಟ್ಟಿತು. ಅಂಕಣಗಳು ಎಲ್ಲೆಲ್ಲಿವೆಯೆಂಬುದನ್ನು ಕರ್ನೆಲ್ ತಾನೇ ಒಂದೊಂದು ಘಟನೆಯ ಫಾರ್ಮ್ಯಾಟ್ ಕಡತದಲ್ಲಿ ಹೇಳುತ್ತಿದ್ದರೂ, ಈ ಸಾಧನವು ಅದನ್ನು ನೋಡದೆ, ಇಂಥ ಅಂಕಣ ಇಷ್ಟನೆಯ ಸ್ಥಾನದಲ್ಲಿಯೇ ಇರುವುದೆಂದು ನಂಬಿ ಓದುತ್ತಿತ್ತು. ಕಡೆಗೆ ತೆಗೆದ ಅಂಕಣದಷ್ಟೇ ಅಗಲದ ಖಾಲಿ ಜಾಗವನ್ನು ಅಲ್ಲಿ ಮತ್ತೆ ಇರಿಸಬೇಕಾಯಿತು.

ಅರ್ಥವಿಲ್ಲದ ಖಾಲಿ ಜಾಗವನ್ನು ಎಲ್ಲ ದಾಖಲೆಗಳೂ ಹೊತ್ತು ತಿರುಗಬೇಕಾಗಿ ಬಂದುದು ಸಾಧನದ ಅಜಾಗರೂಕತೆಯಿಂದಲೋ, ಅಂಕಣ ತೆಗೆದವರ ಅವಸರದಿಂದಲೋ ಎಂಬ ವಿವಾದಕ್ಕೆ ನಾವು ಇಳಿಯುವುದಿಲ್ಲ. ಕರ್ನೆಲ್ ಬದಲಾದ ಕಾರಣದಿಂದ ಬಳಕೆದಾರನ ಸಾಧನ ಕೆಡಬಾರದೆಂಬುದು ಲಿನಸ್ ಟೋರ್ವಾಲ್ಡ್ಸ್ ಅವರ ದೃಢವಾದ ನಿಲುವು. ಆ ನಿಲುವಿನ ಫಲವಾಗಿ, ಕೆಲವು ಭಾಗಗಳನ್ನು ನೋಡಿಕೊಳ್ಳುವವರು ಟ್ರೇಸ್ ಘಟನೆಗಳನ್ನು ಸೇರಿಸಿಕೊಳ್ಳಲು ಹಿಂದೆಗೆಯುವುದೂ ಉಂಟು. ಇಂದು ಬರೆದ ಒಂದು ಸಾಲು ನಾಳೆ ತಮ್ಮ ಕೈಕಟ್ಟೀತೆಂಬ ಅಂಜಿಕೆ ಅವರದು. ವ್ಯಾಖ್ಯೆಗಳ ಏರ್ಪಾಡು ಬರಿಯ ಅಚ್ಚುಕಟ್ಟುತನದ ಮಾತಲ್ಲವೆಂಬುದು ಇದರಿಂದ ತಿಳಿಯುತ್ತದೆ. ತಂತ್ರಾಂಶ ಮುಂದೆ ಎಷ್ಟರ ಮಟ್ಟಿಗೆ ಬದಲಾಗಬಲ್ಲದು, ದೋಷ ಹುಡುಕುವವನಿಗೆ ಅದರ ಒಳಗು ಎಷ್ಟರ ಮಟ್ಟಿಗೆ ಕಾಣಬಲ್ಲದು ಎಂಬ ಎರಡೂ ಇದನ್ನು ಆಶ್ರಯಿಸಿವೆ.

೭. ನಿರ್ಣಯ

ಮೇಲಣ ವಿವೇಚನೆಯಿಂದ ನಾವು ತಲುಪುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು.

ವ್ಯಾಖ್ಯೆಯು ಘಟನೆ ನಡೆಯುವ ನೆಲೆಯ ಹತ್ತಿರವೇ ಇರಬೇಕು. ಅದನ್ನು ಬಲ್ಲವನೇ ಅದನ್ನು ಬರೆಯಬೇಕು, ಅವನೇ ತಿದ್ದಬೇಕು. ಎಲ್ಲರೂ ನೋಡುವ ಪಟ್ಟಿ ಒಂದೇ ಆಗಿರಬೇಕು. ಆದರೆ ಅದನ್ನು ಯಾರೂ ಕೈಯಿಂದ ಬರೆಯಬಾರದು, ಹಂಚಿದ ವ್ಯಾಖ್ಯೆಗಳಿಂದ ಯಂತ್ರವೇ ಪ್ರತಿಸಲವೂ ಕೂಡಿಸಬೇಕು. ಹೆಸರು ಇಡೀ ವೃಕ್ಷದಲ್ಲಿ ಅನನ್ಯವಾಗಿರಬೇಕು. ಅದು ಘಟನೆಯ ವಿಷಯವನ್ನು ಹೇಳಬೇಕು, ಕಡತದ ವಿಳಾಸವನ್ನಲ್ಲ. ಫಂಕ್ಷನ್ನಿನ ಹೆಸರನ್ನೇ ಘಟನೆಗೆ ಇಡುವ ಪದ್ಧತಿಯಲ್ಲಿ ಈ ದೃಷ್ಟಿಯಿಂದ ಸ್ವಲ್ಪ ಅಪಾಯವಿದೆ. ಫಂಕ್ಷನ್ನಿಗೆ ಹೊಸ ಹೆಸರು ಬಂದಾಗ ಘಟನೆಯ ಹೆಸರು ಒಂದೋ ಸುಳ್ಳಾಗುತ್ತದೆ, ಇಲ್ಲವೇ ಬದಲಾಗುತ್ತದೆ. ಹೆಸರನ್ನು ಬದಲಾಯಿಸಲೇಬೇಕಾದಲ್ಲಿ, ನಮ್ಮ ಶಾಸನ ಸಂಪುಟಗಳ ಸಂಪಾದಕರು ಮಾಡಿದಂತೆ, ಹಳೆಯ ಗುರುತನ್ನು ಹೊಸದರ ಪಕ್ಕದಲ್ಲಿ ಕಾಣಿಸುವುದು ನ್ಯಾಯ.

ನಮ್ಮ ವಿದ್ಯಾರ್ಥಿಗಳು ಬರೆಯುವ ಪ್ರೋಗ್ರಾಂಗಳು ಚಿಕ್ಕವು. ಅವುಗಳಿಗೆ ಒಂದೇ ಕಡತದ ಪಟ್ಟಿ ಧಾರಾಳವಾಗಿ ಸಾಲುತ್ತದೆ. ಹತ್ತು ಘಟನೆಗಳಿಗಾಗಿ ಹತ್ತು ಡೈರೆಕ್ಟರಿಗಳನ್ನು ಮಾಡುವುದು ಅನವಶ್ಯಕವಾದ ಆಡಂಬರ. ಆದರೆ ಹೆಸರಿಡುವ ಶಿಸ್ತನ್ನು ಮಾತ್ರ ಮೊದಲ ಘಟನೆಯಿಂದಲೇ ಪಾಲಿಸತಕ್ಕದ್ದು. ಕಡತವನ್ನು ಎಂದು ಬೇಕಾದರೂ ಒಡೆದು ಹಂಚಬಹುದು. ಹತ್ತಾರು ಮಂದಿ ತಮ್ಮ ಸಾಧನಗಳಲ್ಲಿಯೂ ಬರೆಹಗಳಲ್ಲಿಯೂ ಬಳಸಿಬಿಟ್ಟ ಹೆಸರನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ.